ಬೀಳುವ ವಸ್ತುವಿನ ಲೆಕ್ಕ ಹಿಡಿದ ಗೆಲಿಲಿಯೋ

ನಮ್ಮ ಹುನಗುಂದ ತಾಲೂಕಿನ ರಕ್ಕಸಗಿಯ ಹೆಸರು ಇತಿಹಾಸದ ಪುಸ್ತಕದಾಗ ಬರ್ತದ. 1565ರ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ತೋಪುಗಳು ಗುಂಡು ಹಾರಿಸಿದವು. ಆದರೆ ಗುಂಡು ಹೆಂಗ ಏರ್ತದ, ಹೆಂಗ ಬೀಳ್ತದ ಅನ್ನುವ ಸರಿಯಾದ ಲೆಕ್ಕ ತೋಪು ಹಾರಿಸಿದವರಿಗೂ ಗೊತ್ತಿರಲಿಲ್ಲ. ಆ ಲೆಕ್ಕ ಕಂಡುಹಿಡಿದ ಗೆಲಿಲಿಯೋ ಆಗ ಇಟಲಿ ದೇಶದಲ್ಲಿ ಒಂದು ವರ್ಷವೂ ತುಂಬದ ಕೂಸು.

ಗೆಲಿಲಿಯೋ 1564ನೇ ಇಸವಿ ಫೆಬ್ರವರಿ 15ರಂದು ಪೀಸಾ ಪಟ್ಟಣದಲ್ಲಿ ಜನಿಸಿದನು. ತಂದೆ ವಿನ್ಸೆಂಜೋ ಸಂಗೀತಗಾರ. ಮಗ ಡಾಕ್ಟರ್ ಆಗಲಿ ಅಂತ ಅವನ ಆಸೆ. ಮಗನಿಗೋ ಗಣಿತದ ಹುಚ್ಚು! ವೈದ್ಯ ಓದು ಅರ್ಧಕ್ಕೇ ಬಿಟ್ಟು 1589ರಲ್ಲಿ ಪೀಸಾದಲ್ಲಿಯೇ ಗಣಿತ ಕಲಿಸುವ ಮಾಸ್ತರನಾದನು. ಮುಂದೆ ಪಡುವಾ ಪಟ್ಟಣದಲ್ಲಿ 18 ವರ್ಷ ಕಲಿಸಿದನು.

ಭಾರದ ವಸ್ತು ಬೇಗ ಬೀಳ್ತದ, ಹಗುರಾದ್ದು ತಡವಾಗಿ ಬೀಳ್ತದ ಅಂತ ಆಗಿನವರು ನಂಬಿದ್ದರು. ಗೆಲಿಲಿಯೋ ಸುಮ್ಮನೆ ನಂಬಲಿಲ್ಲ, ಅಳೆದು ನೋಡಿದನು. ನೇರವಾಗಿ ಬೀಳುವ ವಸ್ತು ಬಹಳ ಜೋರು, ಅಳೆಯಲು ಸಿಗೂದಿಲ್ಲ. ಅದಕ್ಕೆ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿದನು. ಸೆಕೆಂಡು ತೋರಿಸುವ ಗಡಿಯಾರ ಇರಲಿಲ್ಲ. ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಕಾಲ ಅಳೆದನು. ಸಮ ಸಮ ಕಾಲದಲ್ಲಿ ಗುಂಡು ಮೊದಲು 1 ಪಾಲು, ಆಮೇಲೆ 3, ಆಮೇಲೆ 5 ಪಾಲು ಉರುಳಿತು. ಅಂದರೆ ವೇಗ ಒಂದೇ ಸಮನೆ ಹೆಚ್ಚುತ್ತದೆ.

ಮೇಲಕ್ಕೆ ಒಗೆದ ಚೆಂಡಿಗೆ ಇದೇ ಲೆಕ್ಕ ತಿರುವಿ ಹಾಕಬೇಕು. ಭೂಮಿಯ ಎಳೆತದಿಂದ ಪ್ರತಿ ಸೆಕೆಂಡಿಗೂ ವೇಗ ಸುಮಾರು 10 ಮೀಟರ್ ಕಡಿಮೆ ಆಗ್ತದ (ಸರಿಯಾಗಿ 9.8). ಸೆಕೆಂಡಿಗೆ 20 ಮೀಟರ್ ವೇಗದಿಂದ ನೆಟ್ಟಗೆ ಒಗೆದರೆ 1 ಸೆಕೆಂಡಿಗೆ ವೇಗ 10, 2 ಸೆಕೆಂಡಿಗೆ ಸೊನ್ನೆ. ಮೊದಲ ಸೆಕೆಂಡಿನಲ್ಲಿ 15 ಮೀಟರ್, ಎರಡನೆಯದರಲ್ಲಿ 5 ಮೀಟರ್, ಒಟ್ಟು 20 ಮೀಟರ್ ಏರ್ತದ. ಇಳಿಯುವಾಗ ಮೊದಲು 5, ಆಮೇಲೆ 15. ನೋಡಿದಿರಾ, ಅದೇ 1 ಮತ್ತು 3! ತುದಿಯಲ್ಲಿ ವೇಗ ಸೊನ್ನೆ, ಆದರೆ ಎಳೆತ ಸೊನ್ನೆ ಅಲ್ಲ. ಅದಕ್ಕೇ ಚೆಂಡು ಅಲ್ಲೇ ನಿಲ್ಲೂದಿಲ್ಲ.

ಗೆಲಿಲಿಯೋ 1609ರಲ್ಲಿ ದೂರದರ್ಶಕ ಮಾಡಿ ಆಕಾಶ ನೋಡಿದನು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ಬರೆದದ್ದಕ್ಕೆ 1633ರಲ್ಲಿ ರೋಮಿನಲ್ಲಿ ವಿಚಾರಣೆ ಆಯಿತು. ಆಗ ಅವನಿಗೆ 69 ವರ್ಷ. ಸಾಯುವ ತನಕ ಮನೆಯಲ್ಲೇ ಸೆರೆ. ಆದರೂ ಪೆನ್ನು ಕೆಳಗೆ ಇಡಲಿಲ್ಲ. ಬೀಳುವ ವಸ್ತುಗಳ ಲೆಕ್ಕವನ್ನೆಲ್ಲ ಆ ಸೆರೆಯಲ್ಲಿಯೇ ಬರೆದು ಮುಗಿಸಿದನು. ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಅಷ್ಟೊತ್ತಿಗೆ ಅವನ ಎರಡೂ ಕಣ್ಣು ಹೋಗಿದ್ದವು. 1642ರ ಜನವರಿ 8ರಂದು ತೀರಿಕೊಂಡನು.

1971ರಲ್ಲಿ ಗಾಳಿ ಇಲ್ಲದ ಚಂದ್ರನ ಮೇಲೆ ಡೇವಿಡ್ ಸ್ಕಾಟ್ ಸುತ್ತಿಗೆ ಮತ್ತು ಹಕ್ಕಿಯ ಗರಿ ಒಟ್ಟಿಗೆ ಬಿಟ್ಟನು. ಎರಡೂ ಕೂಡಿಯೇ ನೆಲ ಮುಟ್ಟಿದವು.

ನೀವೂ ಆಟದ ಬಯಲಿನಾಗ ಚೆಂಡು ನೆಟ್ಟಗೆ ಒಗೆದು ಸೆಕೆಂಡು ಎಣಿಸಿರಿ. 2 ಸೆಕೆಂಡಿಗೆ ತಿರುಗಿ ಕೈಗೆ ಬಂದರೆ, ಕೈಯಿಂದ 5 ಮೀಟರ್ ಏರಿತ್ತು ಅಂತ ತಿಳೀರಿ.