ಜೇಮ್ಸ್ ಮ್ಯಾಡಿಸನ್: ಮತದಾರರಿಗೆ ಕೊಟ್ಟ ಮಾತು

ಚುನಾವಣೆಯ ಕಾಲದಲ್ಲಿ ಕೊಟ್ಟ ವಚನವು ಮತದಾನ ಮುಗಿದ ಮರುದಿನವೇ ಮರೆತುಹೋಗುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಇದನ್ನು ಕುರಿತು ನಾವು ಸಂಜೆಯ ಬಿಡುವಿನಲ್ಲಿ ಕಾಫಿಯ ಲೋಟದ ಮುಂದೆ ಕುಳಿತು ಎಷ್ಟೋ ಸಲ ನೊಂದು ಮಾತನಾಡಿಕೊಂಡಿದ್ದೇವೆ. ಆದರೆ ತಾನೇ ಮೊದಲು ಬೇಡವೆಂದು ವಾದಿಸಿದ್ದ ವಿಷಯವನ್ನು ಮತದಾರರ ಮಾತಿಗೆ ಓಗೊಟ್ಟು ಒಪ್ಪಿಕೊಂಡು, ಗೆದ್ದ ಮೇಲೆ ಜೊತೆಗಾರರ ತಾತ್ಸಾರವನ್ನೂ ಲೆಕ್ಕಿಸದೆ, ರಾಷ್ಟ್ರದ ರಾಜ್ಯಾಂಗಕ್ಕೆ ತಿದ್ದುಪಡಿಗಳನ್ನು ಮಂಡಿಸಿದ ಶಾಸಕನೊಬ್ಬನ ವೃತ್ತಾಂತವೂ ಇತಿಹಾಸದಲ್ಲಿದೆ. ಆತನೇ ಮುಂದೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಾಲ್ಕನೆಯ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್.

ಮ್ಯಾಡಿಸನ್ನನು ೧೭೫೧ನೆಯ ಮಾರ್ಚ್ ೧೬ರಂದು ವರ್ಜೀನಿಯಾದ ಪೋರ್ಟ್ ಕಾನ್‌ವೇ ಎಂಬಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದನು. ತಂದೆಯು ವಿಶಾಲವಾದ ಹೊಗೆಸೊಪ್ಪಿನ ತೋಟದ ಒಡೆಯ. ಹನ್ನೆರಡು ಮಂದಿ ಮಕ್ಕಳಲ್ಲಿ ಈತನೇ ಹಿರಿಯವನು. ಐದು ಅಡಿ ನಾಲ್ಕು ಅಂಗುಲದ ಕೃಶ ದೇಹ, ಪದೇಪದೇ ಕೈಕೊಡುವ ಆರೋಗ್ಯ, ಸಭೆಯ ಹಿಂದಿನ ಸಾಲಿಗೆ ಕೇಳಿಸದಷ್ಟು ಮೆಲುದನಿ. ಲೋಕನಾಯಕನಿಗೆ ಬೇಕೆಂದು ಜನರು ಎಣಿಸುವ ಬಾಹ್ಯ ಲಕ್ಷಣಗಳಲ್ಲಿ ಒಂದೂ ಆತನಲ್ಲಿರಲಿಲ್ಲ. ಇದ್ದದ್ದು ಓದಿನ ಹಸಿವೊಂದೇ. ಪ್ರಿನ್ಸ್‌ಟನ್ನಿನ ಕಾಲೇಜಿನಲ್ಲಿ ಹಗಲಿರುಳೆನ್ನದೆ ಓದಿ, ದೀರ್ಘಾವಧಿಯ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ೧೭೭೧ರಲ್ಲಿ ಪದವೀಧರನಾದನು.

ಊರಿಗೆ ಮರಳಿದ ತರುಣನು ನೆರೆಯ ಸೀಮೆಯಲ್ಲಿ ಒಂದು ಅನ್ಯಾಯವನ್ನು ಕಂಡನು. ಸರಕಾರದ ಮನ್ನಣೆ ಪಡೆದಿದ್ದ ಚರ್ಚಿಗೆ ಸೇರದ ಬ್ಯಾಪ್ಟಿಸ್ಟ್ ಬೋಧಕರನ್ನು, ಅಪ್ಪಣೆಯಿಲ್ಲದೆ ಧರ್ಮಬೋಧನೆ ಮಾಡಿದರೆಂಬ ಕಾರಣಕ್ಕಾಗಿ ಸೆರೆಮನೆಗೆ ತಳ್ಳಿದ್ದರು. ಮ್ಯಾಡಿಸನ್ನನು ಆ ಪಂಥದವನಲ್ಲ. ಆದರೂ ಆತನ ಮನಸ್ಸು ಕುದಿಯಿತು. ೧೭೭೬ರಲ್ಲಿ ವರ್ಜೀನಿಯಾದವರು ತಮ್ಮ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸುತ್ತಿದ್ದಾಗ, ಇಪ್ಪತ್ತೈದು ವರ್ಷದ ಈ ಹೊಸಬನೂ ಸಭೆಯ ಸದಸ್ಯನಾಗಿದ್ದನು. ಜಾರ್ಜ್ ಮೇಸನ್ ಎಂಬ ಹಿರಿಯನು ಬರೆದ ಕರಡಿನಲ್ಲಿ, ಪರಮತದವರನ್ನು ಸಂಪೂರ್ಣವಾಗಿ ಸಹಿಸಿಕೊಳ್ಳತಕ್ಕದ್ದು ಎಂಬ ಅರ್ಥದ ಮಾತಿತ್ತು. ಉದಾರವಾದ ಮಾತೇ ಸರಿ. ಆದರೆ ಮ್ಯಾಡಿಸನ್ನನು ಅದಕ್ಕೆ ತಿದ್ದುಪಡಿಯನ್ನು ಸೂಚಿಸಿದನು. ಸಹಿಸುವೆನೆಂದವನು ನಾಳೆ ಸಹಿಸೆನೆಂದೂ ಹೇಳಬಲ್ಲನಷ್ಟೆ! ಆದುದರಿಂದ ತಮ್ಮ ಅಂತಃಸಾಕ್ಷಿಗೆ ಒಪ್ಪುವಂತೆ ಧರ್ಮವನ್ನು ಆಚರಿಸಲು ಎಲ್ಲರೂ ಸಮಾನವಾಗಿ ಹಕ್ಕುಳ್ಳವರು ಎಂದು ಬರೆಯಿಸಿದನು. ಅನುಗ್ರಹವು ಹಕ್ಕಾಗಿ ಮಾರ್ಪಟ್ಟಿತು.

ಮರುವರ್ಷದ ಚುನಾವಣೆಯಲ್ಲಿ ಈತನು ಸೋತನು. ಮತದಾರರಿಗೆ ಮದ್ಯವನ್ನು ಹಂಚುವುದು ಆಗ ಅಲ್ಲಿಯ ವಾಡಿಕೆ. ಮ್ಯಾಡಿಸನ್ನನು ಅದಕ್ಕೆ ಒಪ್ಪಲಿಲ್ಲ. ಎದುರಾಳಿಗೆ ಅಂತಹ ಸಂಕೋಚವಿರಲಿಲ್ಲ. ಈ ಕಥೆ ನಮ್ಮ ವಾಚಕರಿಗೆ ತೀರ ಅಪರಿಚಿತವಾಗಿ ತೋರಲಾರದು.

೧೭೮೭ರ ಬೇಸಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಾಜ್ಯಾಂಗ ಸಭೆಯು ನೆರೆಯಿತು. ರಾಜ್ಯಾಂಗದ ಚೌಕಟ್ಟನ್ನು ರೂಪಿಸುವುದರಲ್ಲಿ ಮ್ಯಾಡಿಸನ್ನನಷ್ಟು ಶ್ರಮಿಸಿದವರು ವಿರಳ. ಸಭೆಯ ಕಲಾಪಗಳನ್ನೆಲ್ಲ ದಿನದಿನವೂ ಬರೆದಿಟ್ಟವನೂ ಆತನೇ. ಆದರೆ ಆ ರಾಜ್ಯಾಂಗದಲ್ಲಿ ಪ್ರಜೆಗಳ ಹಕ್ಕುಗಳ ಪಟ್ಟಿಯಿರಲಿಲ್ಲ. ಕೊನೆಯ ದಿನಗಳಲ್ಲಿ ಮೇಸನ್ನನು ಅದನ್ನು ಸೇರಿಸಬೇಕೆಂದು ಕೇಳಿದಾಗ ಸಭೆಯು ನಿರಾಕರಿಸಿತು. ಮ್ಯಾಡಿಸನ್ನನೂ ಆಗ ಅದು ಅನಾವಶ್ಯಕವೆಂದೇ ಭಾವಿಸಿದ್ದನು. ಕಾಗದದ ಗೋಡೆಯು ಬಹುಮತದ ಪ್ರವಾಹವನ್ನು ತಡೆಯಲಾರದು. ಪಟ್ಟಿಯಲ್ಲಿ ಬಿಟ್ಟುಹೋದ ಹಕ್ಕುಗಳು ಇಲ್ಲವೇ ಇಲ್ಲವೆಂದು ನಾಳೆ ಯಾರಾದರೂ ವಾದಿಸಬಹುದು. ಇವು ಆತನ ಆಕ್ಷೇಪಗಳು. ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಮಿತ್ರ ಜೆಫರ್ಸನ್ನನು ಪತ್ರಗಳ ಮೂಲಕ ಬೇರೆಯ ಮಾತನ್ನೇ ಹೇಳುತ್ತಿದ್ದನು.

೧೭೮೮ರ ಜೂನ್ ತಿಂಗಳಲ್ಲಿ ವರ್ಜೀನಿಯಾದ ಸಭೆಯು ರಾಜ್ಯಾಂಗಕ್ಕೆ ಒಪ್ಪಿಗೆಯಿತ್ತಿತು; ಪರವಾಗಿ ೮೯ ಮತಗಳು, ವಿರೋಧವಾಗಿ ೭೯. ಇಷ್ಟು ಅಲ್ಪ ಅಂತರದ ಗೆಲುವು, ಅದೂ ತಿದ್ದುಪಡಿಗಳ ಉದ್ದನೆಯ ಶಿಫಾರಸುಪಟ್ಟಿಯೊಡನೆ. ವಿರೋಧಿಗಳ ನಾಯಕನಾದ ಪ್ಯಾಟ್ರಿಕ್ ಹೆನ್ರಿಯು ಮ್ಯಾಡಿಸನ್ನನಿಗೆ ಸೆನೆಟಿನ ಸ್ಥಾನವನ್ನು ತಪ್ಪಿಸಿದನು. ಪ್ರತಿನಿಧಿ ಸಭೆಗೆ ನಿಂತರೆ ಅಲ್ಲಿ ಎದುರಾಳಿಯಾಗಿ ಬಂದವನು ಜೇಮ್ಸ್ ಮನ್ರೋ, ಮುಂದೆ ಐದನೆಯ ಅಧ್ಯಕ್ಷನಾದವನು. ಹಕ್ಕುಗಳ ತಿದ್ದುಪಡಿ ಬೇಕೆಂಬುದೇ ಮನ್ರೋವಿನ ಘೋಷಣೆ. ಒಮ್ಮೆ ಸೆರೆಮನೆಯನ್ನು ಕಂಡಿದ್ದ ಬ್ಯಾಪ್ಟಿಸ್ಟರು ಮ್ಯಾಡಿಸನ್ನನ ಹಳೆಯ ಸ್ನೇಹಿತರು. ಆದರೆ ಅವರಿಗೂ ಈಗ ಸಂಶಯ ಹುಟ್ಟಿತ್ತು. ಮ್ಯಾಡಿಸನ್ನನು ಬೋಧಕನೊಬ್ಬನಿಗೆ ಪತ್ರ ಬರೆದು, ರಾಜ್ಯಾಂಗವು ಅಂಗೀಕೃತವಾಗಿರುವುದರಿಂದ ತಾನು ಈಗ ತಿದ್ದುಪಡಿಗಳ ಪರವಾಗಿರುವೆನೆಂದೂ, ಮೊದಲ ಶಾಸನಸಭೆಯೇ ಅವುಗಳನ್ನು ಸಿದ್ಧಪಡಿಸಬೇಕೆಂಬುದು ತನ್ನ ಅಭಿಪ್ರಾಯವೆಂದೂ ತಿಳಿಸಿದನು. ಹಿಮ ಸುರಿಯುತ್ತಿದ್ದ ಆ ಚಳಿಗಾಲದಲ್ಲಿ ಇಬ್ಬರು ಉಮೇದುವಾರರೂ ಊರೂರು ಸುತ್ತಿದರು. ಒಂದು ರಾತ್ರಿ ಕುದುರೆಯ ಮೇಲೆ ಹಿಂದಿರುಗುವಾಗ ಚಳಿಯು ಮ್ಯಾಡಿಸನ್ನನ ಮೂಗನ್ನು ಕಚ್ಚಿತು. ಆ ಕಲೆಯನ್ನು ಆತನು ಮುಪ್ಪಿನಲ್ಲಿಯೂ ತೋರಿಸಿ ನಗುತ್ತಿದ್ದನಂತೆ. ೧೭೮೯ರ ಫೆಬ್ರವರಿಯಲ್ಲಿ ೧,೩೦೮ ಮತಗಳು ಮ್ಯಾಡಿಸನ್ನನಿಗೂ, ೯೭೨ ಮನ್ರೋವಿಗೂ ಬಿದ್ದವು.

ನ್ಯೂಯಾರ್ಕಿನಲ್ಲಿ ಸೇರಿದ ಮೊದಲ ಶಾಸನಸಭೆಗೆ ಸುಂಕ, ಆದಾಯ, ನ್ಯಾಯಸ್ಥಾನ ಮೊದಲಾದ ನೂರು ಚಿಂತೆಗಳಿದ್ದವು. ಸರಕಾರವೇ ಇನ್ನೂ ತಲೆಯೆತ್ತಿಲ್ಲ, ಇಷ್ಟರಲ್ಲಿ ರಾಜ್ಯಾಂಗಕ್ಕೆ ತಿದ್ದುಪಡಿಯೇತಕ್ಕೆಂದು ಸ್ವಪಕ್ಷೀಯರೇ ಮೂಗುಮುರಿದರು. ವಿರೋಧಿಗಳಿಗಂತೂ ಈತನ ಸೂಚನೆಗಳು ಬಹಳ ಸಪ್ಪೆಯಾಗಿ ಕಂಡವು. ಆದರೂ ೧೭೮೯ನೆಯ ಜೂನ್ ೮ರಂದು ಮ್ಯಾಡಿಸನ್ನನು ಎದ್ದುನಿಂತು, ಸಂಸ್ಥಾನಗಳಿಂದ ಬಂದಿದ್ದ ಇನ್ನೂರಕ್ಕೂ ಮಿಕ್ಕಿದ ಸೂಚನೆಗಳನ್ನು ಜರಡಿ ಹಿಡಿದು ಆರಿಸಿದ ತಿದ್ದುಪಡಿಗಳನ್ನು ಸಭೆಯ ಮುಂದಿಟ್ಟನು. ತನ್ನ ಹಳೆಯ ಆಕ್ಷೇಪಗಳಿಗೆ ತಾನೇ ಉತ್ತರ ಕೊಟ್ಟನು. ಹಕ್ಕುಗಳು ಬರಹದಲ್ಲಿದ್ದರೆ ನ್ಯಾಯಸ್ಥಾನಗಳು ಅವುಗಳ ಕಾವಲುಗಾರರಾಗುವುವು, ಜನಾಭಿಪ್ರಾಯವೂ ಅವುಗಳ ಬೆನ್ನಿಗೆ ನಿಲ್ಲುವುದು ಎಂಬುದು ಆತನ ಹೊಸ ನಿಲುವು. ಪಟ್ಟಿಯಲ್ಲಿ ಹೇಳದಿರುವ ಹಕ್ಕುಗಳೂ ಜನರಲ್ಲಿಯೇ ಉಳಿಯುವುವೆಂಬ ವಾಕ್ಯವನ್ನೂ ಸೇರಿಸಿದನು.

ಆ ದೇಶದಲ್ಲಿ ತಿದ್ದುಪಡಿಯೆಂಬುದು ಸುಲಭಸಾಧ್ಯವಲ್ಲ. ಶಾಸನಸಭೆಯ ಎರಡು ಅಂಗಗಳಲ್ಲಿಯೂ ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. ಅನಂತರ ಸಂಸ್ಥಾನಗಳ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು. ಪ್ರತಿನಿಧಿ ಸಭೆಯು ಆಗಸ್ಟ್ ತಿಂಗಳಲ್ಲಿ ೧೭ ತಿದ್ದುಪಡಿಗಳನ್ನು ಅಂಗೀಕರಿಸಿತು. ಸೆನೆಟ್ ಅವುಗಳನ್ನು ಕತ್ತರಿಸಿ ಹೊಸೆದು ೧೨ಕ್ಕೆ ಇಳಿಸಿತು. ಆಗ ಮ್ಯಾಡಿಸನ್ನನಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದುದೇ ಬಿದ್ದುಹೋಯಿತು. ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ, ಪತ್ರಿಕೆಗಳ ಸ್ವಾತಂತ್ರ್ಯವನ್ನೂ ಕೇಂದ್ರ ಸರಕಾರ ಮಾತ್ರವಲ್ಲ, ಯಾವ ಸಂಸ್ಥಾನವೂ ಮುರಿಯಕೂಡದೆಂಬುದೇ ಅದು. ಆದರೂ ಆತನು ಸಿಟ್ಟಿನಿಂದ ಕೈಚೆಲ್ಲಲಿಲ್ಲ, ದೊರೆತಷ್ಟನ್ನು ಭದ್ರಪಡಿಸಿಕೊಂಡನು. ಸೆಪ್ಟೆಂಬರ್ ೨೫ರಂದು ೧೨ ತಿದ್ದುಪಡಿಗಳು ಸಂಸ್ಥಾನಗಳಿಗೆ ಹೊರಟವು. ೧೭೯೧ನೆಯ ಡಿಸೆಂಬರ್ ೧೫ರಂದು ವರ್ಜೀನಿಯಾ ಒಪ್ಪಿದಾಗ ಅವುಗಳಲ್ಲಿ ೧೦ ಜಾರಿಗೆ ಬಂದವು. ಇವೇ ಜಗತ್ತಿಗೆ ಪರಿಚಿತವಾದ ಹಕ್ಕುಗಳ ಸನ್ನದು.

ಮುಂದೆ ಮ್ಯಾಡಿಸನ್ನನು ೧೮೦೯ರಿಂದ ೧೮೧೭ರವರೆಗೆ ಅಧ್ಯಕ್ಷನಾಗಿದ್ದನು. ಆತನ ಕಾಲದಲ್ಲಿಯೇ ಬ್ರಿಟನ್ನಿನೊಡನೆ ಯುದ್ಧವಾಗಿ, ೧೮೧೪ರಲ್ಲಿ ಶತ್ರುಸೇನೆಯು ವಾಷಿಂಗ್ಟನ್ ನಗರದ ರಾಜಭವನಕ್ಕೆ ಬೆಂಕಿಯಿಟ್ಟಿತು. ೧೮೩೬ನೆಯ ಜೂನ್ ೨೮ರಂದು, ೮೫ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ರಾಜ್ಯಾಂಗಕ್ಕೆ ಸಹಿಮಾಡಿದವರಲ್ಲಿ ಕೊನೆಗುಳಿದಿದ್ದವನು ಆತನೇ.

ಆತನ ಜೀವನದ ಕರಾಳ ಭಾಗವನ್ನು ಮರೆಮಾಚುವುದು ನಮಗೆ ಸರಿತೋರುವುದಿಲ್ಲ. ಹಕ್ಕುಗಳನ್ನು ಬರೆದ ಆ ಕೈಯ ಅಧೀನದಲ್ಲಿ ನೂರಕ್ಕೂ ಹೆಚ್ಚು ಗುಲಾಮರಿದ್ದರು. ಗುಲಾಮಗಿರಿ ಕೆಡುಕೆಂದು ಬಲ್ಲವನಾಗಿದ್ದೂ ಮ್ಯಾಡಿಸನ್ನನು ಮರಣಶಾಸನದಲ್ಲಿಯೂ ಅವರನ್ನು ಬಿಡುಗಡೆ ಮಾಡಲಿಲ್ಲ. ಆ ಅನ್ಯಾಯವನ್ನು ಅಳಿಸಲು ಘೋರವಾದ ಅಂತರ್ಯುದ್ಧವೂ, ೧೮೬೫ರ ಹದಿಮೂರನೆಯ ತಿದ್ದುಪಡಿಯೂ ಬೇಕಾದವು. ಸಂಸ್ಥಾನಗಳಿಗೂ ಕಡಿವಾಣ ಹಾಕಬೇಕೆಂಬ ಆತನ ಬಿದ್ದುಹೋದ ಸೂಚನೆಯು, ೧೮೬೮ರ ಹದಿನಾಲ್ಕನೆಯ ತಿದ್ದುಪಡಿಯನ್ನು ನ್ಯಾಯಸ್ಥಾನಗಳು ಅರ್ಥೈಸುತ್ತ ಬಂದಂತೆ ಬಹುಮಟ್ಟಿಗೆ ಕೈಗೂಡಿತು.

ಆದರೆ ೧೨ರಲ್ಲಿ ೧೦ ಮಾತ್ರ ಗೆದ್ದವಲ್ಲ, ಉಳಿದವುಗಳ ಗತಿಯೇನಾಯಿತು? ಅವುಗಳಲ್ಲಿ ಒಂದು ಸಂಬಳಕ್ಕೆ ಸಂಬಂಧಿಸಿದ್ದು. ಶಾಸನಸಭೆಯ ಸದಸ್ಯರು ತಮ್ಮ ವೇತನವನ್ನು ಬದಲಾಯಿಸಿಕೊಂಡರೆ, ನಡುವೆ ಒಂದು ಚುನಾವಣೆಯಾಗುವವರೆಗೆ ಅದು ಜಾರಿಗೆ ಬರಕೂಡದೆಂದು ಅದರ ತಾತ್ಪರ್ಯ. ಸಾರ್ವಜನಿಕ ಬೊಕ್ಕಸಕ್ಕೆ ಕೈಹಾಕಿ ತಮ್ಮ ಜೇಬಿಗೆ ತಾವೇ ತುಂಬಿಕೊಳ್ಳುವ ಅಧಿಕಾರ ಯಾರಿಗೂ ತಡೆಯಿಲ್ಲದೆ ಇರುವುದು ಮ್ಯಾಡಿಸನ್ನನಿಗೆ ಒಪ್ಪಿಗೆಯಾಗಿರಲಿಲ್ಲ. ಧಣಿಯ ಮುಂದೆ ನಿಂತು ಸಂಬಳದ ಹೆಚ್ಚಳ ಕೇಳಿದ ಅನುಭವವುಳ್ಳವರಿಗೆ ಇದರ ಮರ್ಮ ತಾನಾಗಿ ತಿಳಿಯುವುದು. ಆ ತಿದ್ದುಪಡಿಯು ಸೋಲದೆ, ಗೆಲ್ಲದೆ, ಕಡತದಲ್ಲಿಯೇ ಮಲಗಿತ್ತು. ೧೯೮೨ರಲ್ಲಿ ಟೆಕ್ಸಾಸಿನ ವಿದ್ಯಾರ್ಥಿಯೊಬ್ಬನು ಅದನ್ನು ಕಂಡು, ಅದು ಇನ್ನೂ ಜೀವಂತವಾಗಿದೆಯೆಂದು ಪ್ರಬಂಧ ಬರೆದನು. ಪ್ರಬಂಧಕ್ಕೆ ದೊರೆತದ್ದು ಸಾಧಾರಣ ದರ್ಜೆ. ಅಷ್ಟಕ್ಕೇ ಸುಮ್ಮನಾಗದೆ ಆತನು ಸಂಸ್ಥಾನಗಳ ಶಾಸಕರಿಗೆ ಪತ್ರಗಳನ್ನು ಬರೆಯತೊಡಗಿದನು. ಒಂದೊಂದಾಗಿ ಸಂಸ್ಥಾನಗಳು ಒಪ್ಪುತ್ತ ಬಂದು, ೧೯೯೨ರ ಮೇ ತಿಂಗಳಲ್ಲಿ, ಮಂಡಿಸಿದ ೨೦೨ ವರ್ಷಗಳ ಮೇಲೆ, ಅದು ಇಪ್ಪತ್ತೇಳನೆಯ ತಿದ್ದುಪಡಿಯಾಯಿತು. ನಮ್ಮ ದೇಶದಲ್ಲಿ ಸಂಸತ್ಸದಸ್ಯರ ಸಂಬಳವನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಾಂಗದ ೧೦೬ನೆಯ ಅನುಚ್ಛೇದವು ಸಂಸತ್ತಿಗೇ ಬಿಟ್ಟಿದೆ.

ನಮ್ಮ ರಾಜ್ಯಾಂಗ ಕರ್ತರು ಹಕ್ಕುಗಳನ್ನು ತಿದ್ದುಪಡಿಗಾಗಿ ಕಾಯಿಸದೆ, ೧೯೫೦ರಲ್ಲಿ ಜಾರಿಗೆ ಬಂದ ಮೂಲದಲ್ಲಿಯೇ ಬರೆದರು. ಭಾರತದ ಯಾವ ಭಾಗದಲ್ಲಿಯಾದರೂ ನೆಲಸುವ, ಯಾವುದಾದರೂ ವೃತ್ತಿಯನ್ನು ಕೈಗೊಳ್ಳುವ ಹಕ್ಕು ಅದರ ೧೯ನೆಯ ಅನುಚ್ಛೇದದಲ್ಲಿದೆ. ಹುಟ್ಟಿದ ಊರನ್ನು ಬಿಟ್ಟು, ಪರಭಾಷೆಯ ನಗರದಲ್ಲಿ ಬೆಳಗಿನ ಜಾವಕ್ಕೆ ಒಲೆ ಹೊತ್ತಿಸುವ, ಕಚೇರಿಯ ಕಡತಗಳ ನಡುವೆ ದಿನ ಕಳೆಯುವ ನಮಗೆ, ಹೊರಗಿನವರು ಎಂಬ ಮಾತು ಒಮ್ಮೊಮ್ಮೆ ಕಿವಿಗೆ ಬೀಳುವುದುಂಟು. ನೆರೆಯವರ ಸ್ನೇಹ ನಮಗೆ ಬೇಕು. ಅದನ್ನು ನಮ್ಮ ನಡತೆಯಿಂದ ಗಳಿಸಬೇಕು. ಆದರೆ ನಾವು ಇಲ್ಲಿ ಬಾಳುತ್ತಿರುವುದು ಯಾರೋ ಸಹಿಸಿಕೊಂಡಿರುವುದರಿಂದಲ್ಲ. ಆ ಹಕ್ಕು ಬರಹದಲ್ಲಿದೆ. ಸಹನೆಗೂ ಹಕ್ಕಿಗೂ ಇರುವ ಅಂತರವನ್ನು ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ ಅರಿತು, ಆಡಿದ ಮಾತಿನಂತೆ ಹಕ್ಕುಗಳನ್ನು ಬರೆಯಿಸಿದ ಆ ಮೆಲುದನಿಯ ಮನುಷ್ಯನನ್ನು ನಾವು ನೆನೆಯುವುದು ಉಚಿತವೇ ಸರಿ.