ಹಂಪಿಯನ್ನು ಕಾಗದಕ್ಕಿಳಿಸಿದ ಕರ್ನಲ್ ಮೆಕೆಂಜಿ

ಹಂಪಿಯ ತೇರುಬೀದಿಯಲ್ಲಿ ವಿರೂಪಾಕ್ಷನ ಗೋಪುರದತ್ತ ಮುಖ ಮಾಡಿ ನಿಂತವರಿಗೆ ಇಕ್ಕೆಲದ ಕಲ್ಲುಮಂಟಪಗಳ ಸಾಲು ಇಂದಿಗೂ ವಿಜಯನಗರದ ಪೇಟೆಯನ್ನು ನೆನಪಿಸುತ್ತದೆ. 1565ರ ಬಳಿಕ ಹಾಳುಬಿದ್ದ ಆ ನಗರವನ್ನು ಅಳೆದು, ನಕ್ಷೆಗೂ ಚಿತ್ರಗಳಿಗೂ ಇಳಿಸಿದವರಲ್ಲಿ ಮೊದಲಿಗ ಕಾಲಿನ್ ಮೆಕೆಂಜಿ. ಆತ ಇಲ್ಲಿಗೆ ಬಂದದ್ದು 1799-1800ರ ಸುಮಾರಿಗೆ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೆಯಲ್ಲಿ 1754ರ ಸುಮಾರಿಗೆ ಜನಿಸಿದ ಮೆಕೆಂಜಿ, ಊರಿನ ಸುಂಕದ ಕಚೇರಿಯಲ್ಲಿ ದುಡಿದು, 1783ರಲ್ಲಿ ಕಂಪನಿಯ ಸೈನ್ಯ ಸೇರಿ ಮದರಾಸಿಗೆ ಬಂದ. ಟಿಪ್ಪುವಿನ ವಿರುದ್ಧದ ಯುದ್ಧಗಳಲ್ಲಿ ಎಂಜಿನಿಯರಾಗಿದ್ದ. ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿ ಆತನ ಪಾಲಿಗೆ ಬಂತು.

ಸರಪಳಿ ಹಿಡಿದು ನೆಲ ಅಳೆಯುವುದಷ್ಟೇ ಆತನಿಗೆ ಸಾಕಾಗಲಿಲ್ಲ. ಊರೂರಿನ ಶಾಸನ, ನಾಣ್ಯ, ತಾಳೆಗರಿ ಹಾಗೂ ಸ್ಥಳೀಯ ವೃತ್ತಾಂತಗಳಾದ ಕೈಫಿಯತ್ತುಗಳನ್ನು ಸಂಗ್ರಹಿಸತೊಡಗಿದ. ಆದರೆ ದೇಶಭಾಷೆಗಳು ಆತನಿಗೆ ಬರುತ್ತಿರಲಿಲ್ಲ. ಆ ಕೊರತೆ ತುಂಬಿದವರು ತೆಲುಗಿನ ಕಾವಲಿ ಸೋದರರಾದ ಬೋರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ ಮತ್ತು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕ್ಕಿ ರಚಿಸಿದ ವರ್ಣಚಿತ್ರದಲ್ಲಿ ಮೆಕೆಂಜಿಯ ಜೊತೆಗೆ ಆತನ ಸಹಾಯಕರಿದ್ದಾರೆ. ಹಿನ್ನೆಲೆಯಲ್ಲಿ ಗೊಮ್ಮಟ ಮೂರ್ತಿಯಿದೆ.

ತಂಬ್ರಹಳ್ಳಿ, ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿ, ದತ್ತಮಂಡಲದ ಭಾಗವಾಯಿತು. 1809ರಿಂದ ಆ ಮಂಡಲದ ಮೋಜಣಿಯೂ ಮೆಕೆಂಜಿಯ ಉಸ್ತುವಾರಿಯಲ್ಲಿ ನಡೆಯಿತು. 1815ರಲ್ಲಿ ಆತ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ತನ್ನ ಸಂಗ್ರಹವನ್ನು ವಿಂಗಡಿಸಿ ಗ್ರಂಥರೂಪಕ್ಕೆ ತರುವ ಆಸೆ ಈಡೇರುವ ಮೊದಲೇ, 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡ.

ಕಂಪನಿ ಆ ಸಂಗ್ರಹವನ್ನು ಆತನ ಪತ್ನಿಯಿಂದ 1 ಲಕ್ಷ ರೂಪಾಯಿಗೆ ಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,076 ಶಾಸನಗಳ ಪ್ರತಿಗಳೂ 2,630 ಚಿತ್ರಗಳೂ ಸೇರಿವೆ. ಅವುಗಳ ಅಂತರಾರ್ಥ ಬಲ್ಲ ಲಕ್ಷ್ಮಯ್ಯ ಕೆಲಸ ಮುಂದುವರಿಸಲು ಅನುಮತಿ ಕೋರಿದಾಗ, 1836ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಒಪ್ಪಲಿಲ್ಲ.

ಸಂಗ್ರಹ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿ, ಚೆನ್ನೈನ ಹಸ್ತಪ್ರತಿ ಭಂಡಾರ ಮುಂತಾದೆಡೆ ಹಂಚಿಹೋಗಿದೆ. ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಕನ್ನಡದ ಕೈಫಿಯತ್ತುಗಳನ್ನು ಪ್ರಕಟಿಸಿತು. ಮೆಕೆಂಜಿ ನಕ್ಷೆ ಬರೆಸಿದ ನೆಲಕ್ಕೇ ಆ ಬರಹಗಳು ಹೀಗೆ ಮರಳಿ ಬಂದವು. ಅವುಗಳನ್ನು ಊರೂರು ತಿರುಗಿ ಕೇಳಿ ಬರೆದುಕೊಂಡವರಲ್ಲಿ ಬಹುಪಾಲು ಜನರ ಹೆಸರು ಮಾತ್ರ ಇಂದಿಗೂ ಸಾಮಾನ್ಯ ಓದುಗರಿಗೆ ಅಪರಿಚಿತ.