ಎರಡು ನೊಬೆಲ್ ಪಡೆದವರು ಹೇಳಿದರೆ ನಂಬಬೇಕೇ? ಲೈನಸ್ ಪಾಲಿಂಗ್, ವಿಟಮಿನ್ ಸಿ ಮತ್ತು ಒಂದು ಪುಟ್ಟ ಹುಳು

ವಿಟಮಿನ್ ಸಿ ಮಾತ್ರೆ ನುಂಗಿದರೆ ಮುಪ್ಪು ದೂರ, ಎರಡು ನೊಬೆಲ್ ಪಡೆದ ವಿಜ್ಞಾನಿಯೇ ಹೀಗೆ ಹೇಳಿದ್ದಾರೆ ಎನ್ನುವಂಥ ಮೆಸೇಜ್ ನಿಮಗೂ ಬಂದಿರಬಹುದು. ಆ ವಿಜ್ಞಾನಿ ನಿಜ, ಅವರ ನೊಬೆಲ್‌ಗಳೂ ನಿಜ. ಆದರೆ ಮಾತ್ರೆಯ ಮಾತು ನಿಜವೇ? ತಿಳಿಯಲು ಅವರ ಬದುಕನ್ನು ಒಮ್ಮೆ ನೋಡೋಣ.

ಔಷಧಿ ಅಂಗಡಿಯವರ ಮಗ

ಲೈನಸ್ ಪಾಲಿಂಗ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಔಷಧಿ ಅಂಗಡಿ ನಡೆಸುತ್ತಿದ್ದ ತಂದೆ, ಮಗನಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ಮನೆಯಲ್ಲಿ ಹಣದ ತಾಪತ್ರಯ. ಕೆಲಸ ಮಾಡಿಕೊಂಡೇ ಓದಿದ ಪಾಲಿಂಗ್ 1925ರಲ್ಲಿ ಕ್ಯಾಲ್‌ಟೆಕ್‌ನಿಂದ ಪಿಎಚ್‌ಡಿ ಪಡೆದರು.

ಪರಮಾಣುಗಳು ಒಂದಕ್ಕೊಂದು ಹೇಗೆ ಬೆಸೆದುಕೊಳ್ಳುತ್ತವೆ ಎಂಬುದನ್ನು ವಿವರಿಸಿದ್ದಕ್ಕೆ 1954ರ ರಸಾಯನಶಾಸ್ತ್ರ ನೊಬೆಲ್ ಬಂತು. ಸಿಕಲ್ ಸೆಲ್ ಕಾಯಿಲೆಯ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು 1949ರಲ್ಲಿ ತೋರಿಸಿದ್ದೂ ಅವರ ತಂಡವೇ. ಅಣುಬಾಂಬ್ ಪರೀಕ್ಷೆ ನಿಲ್ಲಿಸಿ ಎಂದು ಸಾವಿರಾರು ವಿಜ್ಞಾನಿಗಳ ಸಹಿ ಸಂಗ್ರಹಿಸಿದರು. ಅವರ ರಾಜಕೀಯ ನಿಲುವಿಗೆ ಸಿಟ್ಟಾದ ಸರ್ಕಾರ 1952ರಲ್ಲಿ ಪಾಸ್‌ಪೋರ್ಟ್ ಕೊಡಲು ನಿರಾಕರಿಸಿತ್ತು. ಕೊನೆಗೆ 1962ರ ಶಾಂತಿ ನೊಬೆಲ್ ಅವರದಾಯಿತು. ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದವರು ಇವರೊಬ್ಬರೇ.

ಒಂದು ಪತ್ರ ಬಂತು

1966ರಲ್ಲಿ ಇರ್ವಿನ್ ಸ್ಟೋನ್ ಎಂಬುವರಿಂದ ಪತ್ರ ಬಂತು. ದಿನಕ್ಕೆ 3 ಗ್ರಾಂ ವಿಟಮಿನ್ ಸಿ ತೆಗೆದುಕೊಂಡರೆ ಇನ್ನೂ ಹೆಚ್ಚು ಕಾಲ ಬಾಳಬಹುದು ಎಂಬ ಸಲಹೆ ಅದರಲ್ಲಿತ್ತು. ಪಾಲಿಂಗ್ ಮತ್ತು ಪತ್ನಿ ಏವಾ ಹೆಲೆನ್ ಶುರು ಮಾಡಿದರು. ನೆಗಡಿ ಕಡಿಮೆಯಾದಂತೆ ಅನ್ನಿಸಿತು. 1970ರಲ್ಲಿ ಪಾಲಿಂಗ್ ಪುಸ್ತಕ ಬರೆದರು, ಜನ ಅಂಗಡಿಗಳಿಗೆ ಮುಗಿಬಿದ್ದರು. ನಮ್ಮ ದೇಹಕ್ಕೆ ದಿನಕ್ಕೆ ಬೇಕಿರುವುದು 100 ಮಿಲಿಗ್ರಾಂಗಿಂತ ಕಡಿಮೆ. ಪಾಲಿಂಗ್ ಮುಂದೆ 18 ಗ್ರಾಂವರೆಗೂ ಹೋದರು.

ಕ್ಯಾನ್ಸರ್‌ಗೂ ಇದು ಮದ್ದು ಎಂದರು. ಮೇಯೋ ಕ್ಲಿನಿಕ್ 1979 ಮತ್ತು 1985ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ದಿನಕ್ಕೆ 10 ಗ್ರಾಂ ಕೊಟ್ಟರೂ ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ. ಪಾಲಿಂಗ್ ಅದನ್ನು ಒಪ್ಪಲಿಲ್ಲ. 1981ರಲ್ಲಿ ಏವಾ ಹೆಲೆನ್ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. 1994ರಲ್ಲಿ ಪಾಲಿಂಗ್ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ನಿಧನರಾದರು, ಆಗ ಅವರಿಗೆ 93 ವರ್ಷ. ಅವರ ದೀರ್ಘಾಯುಷ್ಯಕ್ಕೆ ಮಾತ್ರೆ ಕಾರಣ ಎನ್ನಲಾಗದು, ಕ್ಯಾನ್ಸರ್‌ಗೆ ಮಾತ್ರೆ ಕಾರಣ ಎಂದೂ ಹೇಳಲಾಗದು. ಒಬ್ಬರ ಬದುಕು ಪುರಾವೆಯಾಗುವುದಿಲ್ಲ.

ಹುಳು ತೋರಿಸಿದ್ದೇನು?

ಮಾತ್ರೆಯ ವಾದ ಸರಿ ಅನ್ನಿಸಲು ಕಾರಣವಿತ್ತು. ಜೀವಕೋಶದ ಶಕ್ತಿಕೇಂದ್ರ ಮೈಟೋಕಾಂಡ್ರಿಯ. ಅದು ಶಕ್ತಿ ತಯಾರಿಸುವಾಗ ಫ್ರೀ ರ‍್ಯಾಡಿಕಲ್‌ಗಳೆಂಬ ಕಣಗಳು ಹುಟ್ಟುತ್ತವೆ. ಇವುಗಳ ಹಾನಿಯಿಂದಲೇ ಮುಪ್ಪು ಬರುತ್ತದೆ ಎಂದು ಡೆನ್ಹಮ್ ಹಾರ್ಮನ್ 1956ರಲ್ಲಿ ವಾದಿಸಿದ್ದರು. ವಿಟಮಿನ್ ಸಿಯಂಥ ಆಂಟಿಆಕ್ಸಿಡೆಂಟ್‌ಗಳು ಅವುಗಳನ್ನು ತಣ್ಣಗಾಗಿಸುತ್ತವೆ. ಹಾಗಾದರೆ ಮಾತ್ರೆ ನುಂಗಿದರೆ ಆಯುಷ್ಯ ಹೆಚ್ಚಬೇಕಲ್ಲವೇ?

ಉತ್ತರ ಬಂದದ್ದು ಸಿ. ಎಲೆಗನ್ಸ್ ಎಂಬ ದುಂಡುಹುಳುವಿನಿಂದ. ಉದ್ದ 1 ಮಿಲಿಮೀಟರ್, ಆಯುಷ್ಯ ಎರಡು-ಮೂರು ವಾರ. ಎಳೆಯ ಹುಳುಗಳಲ್ಲಿ ಮೈಟೋಕಾಂಡ್ರಿಯದ ಕೆಲಸವನ್ನು ಸ್ವಲ್ಪ ಕುಗ್ಗಿಸಿದಾಗ ಅವು ಸಾಯುವ ಬದಲು ಹೆಚ್ಚು ದಿನ ಬದುಕಿದವು! ಒತ್ತಡ ಬಿದ್ದ ಕೂಡಲೇ ಜೀವಕೋಶ ಎಚ್ಚೆತ್ತು, ಕೆಟ್ಟ ಪ್ರೋಟೀನ್‌ಗಳನ್ನು ಸರಿಪಡಿಸುವ ರಕ್ಷಣಾ ವ್ಯವಸ್ಥೆಯನ್ನು ಚಾಲೂ ಮಾಡುತ್ತದೆ. 2007ರ ಇನ್ನೊಂದು ಅಧ್ಯಯನದಲ್ಲಿ ಹುಳುಗಳು ಸಕ್ಕರೆ ಬಳಸುವುದನ್ನು ತಡೆದಾಗ ಫ್ರೀ ರ‍್ಯಾಡಿಕಲ್ ಹೆಚ್ಚಿತು, ಜೊತೆಗೆ ಆಯುಷ್ಯವೂ ಹೆಚ್ಚಿತು. ಆಂಟಿಆಕ್ಸಿಡೆಂಟ್ ಕೊಟ್ಟಾಗ ಆ ಲಾಭವೇ ಮಾಯ. ಅಂದರೆ ಅಲ್ಪ ಪ್ರಮಾಣದ ಫ್ರೀ ರ‍್ಯಾಡಿಕಲ್ ಎಚ್ಚರಿಕೆ ಗಂಟೆಯಂತೆ, ಆಂಟಿಆಕ್ಸಿಡೆಂಟ್ ಆ ಗಂಟೆಯ ಬಾಯಿ ಮುಚ್ಚಿಸಿತ್ತು. ಒತ್ತಡ ಅತಿಯಾದರೆ ಮಾತ್ರ ಹಾನಿಯೇ.

ಹುಳು ಮನುಷ್ಯನಲ್ಲ, ನಿಜ. ಆದರೆ ಪಾಲಿಂಗ್ ತೀರಿಕೊಂಡ 1994ರಲ್ಲೇ ಫಿನ್ಲೆಂಡ್‌ನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು.

ನಾವು ಏನು ಮಾಡಬೇಕು?

ಸೀಬೆಹಣ್ಣು, ನೆಲ್ಲಿಕಾಯಿ, ಕಿತ್ತಳೆ ತಿನ್ನಿ, ವಿಟಮಿನ್ ಸಿ ಬೇಕಾದಷ್ಟು ಸಿಗುತ್ತದೆ. ಕೊರತೆ ಇದ್ದವರು ವೈದ್ಯರು ಹೇಳಿದಷ್ಟು ಮಾತ್ರೆ ತೆಗೆದುಕೊಳ್ಳಲಿ. ಮುಪ್ಪು ತಡೆಯುತ್ತದೆಂದು ಗ್ರಾಂಗಟ್ಟಲೆ ನುಂಗಬೇಡಿ, ಅತಿಯಾದರೆ ಭೇದಿ, ಕಿಡ್ನಿ ಕಲ್ಲು ಬರಬಹುದು.

ಪಾಲಿಂಗ್ ಮಹಾನ್ ವಿಜ್ಞಾನಿ. ಆದರೂ ತಪ್ಪಿದರು. ಹಾಗಾಗಿ ಮುಂದಿನ ಬಾರಿ ಇಂಥ ಮೆಸೇಜ್ ಬಂದಾಗ ಹೇಳಿದವರು ಯಾರು ಎಂದಷ್ಟೇ ನೋಡದೆ, ಪುರಾವೆ ಏನು ಎಂದೂ ಕೇಳಿ. ಆಮೇಲೆ ಫಾರ್ವರ್ಡ್ ಮಾಡಿ.